ಮೂವತ್ತೆಂಟನೇ ಅಕ್ಷಾಂಶದ ಗೆರೆ: ಮಹಾಶಕ್ತಿಗಳ ಪೈಪೋಟಿಯೂ ನಮ್ಮ ಸೀಮೆಯ ಇಬ್ಬರೂ

1950ರ ಜೂನ್ 25, ಭಾನುವಾರ. ಉತ್ತರ ಕೊರಿಯಾದ ಸೈನ್ಯ 38ನೇ ಅಕ್ಷಾಂಶವನ್ನು ದಾಟಿ ದಕ್ಷಿಣಕ್ಕೆ ನುಗ್ಗಿದೆ ಎಂಬ ಸುದ್ದಿ ಬಂದು, ನ್ಯೂಯಾರ್ಕ್ ಬಳಿಯ ಲೇಕ್ ಸಕ್ಸೆಸ್‌ನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ತುರ್ತಾಗಿ ಸೇರಿತು. ಆ ತಿಂಗಳು ಮಂಡಳಿಯ ಅಧ್ಯಕ್ಷತೆಯ ಸರದಿ ಭಾರತದ್ದು. ಪೀಠದಲ್ಲಿದ್ದವರು ಬೆನಗಲ್ ನರಸಿಂಗ ರಾವ್. 1887ರಲ್ಲಿ ಮಂಗಳೂರಿನಲ್ಲಿ ಹುಟ್ಟಿ, ಅಲ್ಲಿನ ಕೆನರಾ ಹೈಸ್ಕೂಲಿನಲ್ಲಿ ಓದಿ, ಮುಂದೆ ನಮ್ಮ ಸಂವಿಧಾನ ಸಭೆಯ ಸಲಹೆಗಾರರಾಗಿ ಕರಡಿಗೆ ಅಡಿಪಾಯ ಹಾಕಿದವರು ಇವರೇ. ಮೂರು ವರ್ಷಗಳ ಬಳಿಕ ಅದೇ ಯುದ್ಧದ ಕೊನೆಯ ಗಂಟನ್ನು ಬಿಡಿಸಲು ಕೊರಿಯಾಕ್ಕೆ ಹೋದ ಆಯೋಗದ ಅಧ್ಯಕ್ಷರಾದವರು ಮಡಿಕೇರಿಯಲ್ಲಿ ಹುಟ್ಟಿದ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ಪುತ್ತೂರಿನಿಂದ ಪಶ್ಚಿಮಕ್ಕೆ ಹೋದರೆ ಒಬ್ಬರ ಊರು. ಸುಳ್ಯ ದಾಟಿ ಸಂಪಾಜೆ ಘಾಟಿ ಹತ್ತಿದರೆ ಇನ್ನೊಬ್ಬರದು. ಒಂದು ಯುದ್ಧದ ಮೊದಲ ದಿನವೂ ಕೊನೆಯ ಅಧ್ಯಾಯವೂ ಹೀಗೆ ನಮ್ಮ ನೆರೆಹೊರೆಯವರ ಕೈಗೆ ಬಂದದ್ದು ಆಕಸ್ಮಿಕವೇ. ಆದರೆ ಅವರಿಬ್ಬರೂ ಅಲ್ಲಿ ಆಡಿದ ಮಾತು, ತೆಗೆದುಕೊಂಡ ನಿಲುವು ಆಕಸ್ಮಿಕವಲ್ಲ. ಶೀತಲ ಸಮರ ಹೇಗೆ ಬೆಳೆಯಿತು ಎಂದು ತಿಳಿಯಬೇಕಾದರೆ ಅವರು ನಿಂತ ಜಾಗದಿಂದ ಅದನ್ನು ನೋಡಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಅಮೆರಿಕ ಮತ್ತು ಸೋವಿಯತ್ ಒಕ್ಕೂಟಗಳ ಹಗೆಯನ್ನು ನಮ್ಮ ಪಾಠಗಳು ಸಾಮಾನ್ಯವಾಗಿ ಬಂಡವಾಳಶಾಹಿಗೂ ಕಮ್ಯುನಿಸಂಗೂ ನಡೆದ ತತ್ತ್ವದ ಕದನವೆಂದು ಹೇಳಿ ಮುಗಿಸುತ್ತವೆ. ಎರಡು ತತ್ತ್ವಗಳು ಒಟ್ಟಿಗೆ ಬಾಳಲಾರವು, ಆದ್ದರಿಂದ ಜಗಳ ಆಗಲೇಬೇಕಿತ್ತು ಎಂಬ ಧಾಟಿ ಅದು. ಈ ವಿವರಣೆ ನನಗೆ ಸಾಲದು. ತತ್ತ್ವಭೇದ 1917ರಿಂದಲೂ ಇತ್ತು. ಆದರೂ 1941ರಿಂದ 1945ರವರೆಗೆ ಅವೆರಡೂ ಹಿಟ್ಲರನ ವಿರುದ್ಧ ಹೆಗಲಿಗೆ ಹೆಗಲು ಕೊಟ್ಟು ಹೋರಾಡಿದವು. 1948ರಲ್ಲಿ ಕಮ್ಯುನಿಸ್ಟ್ ಯುಗೊಸ್ಲಾವಿಯ ಮಾಸ್ಕೋದಿಂದ ಬೇರೆಯಾಯಿತು, ಅಮೆರಿಕ ಅದಕ್ಕೆ ನೆರವು ಕೊಟ್ಟಿತು. 1972ರಲ್ಲಿ ಕಮ್ಯುನಿಸ್ಟ್ ವಿರೋಧಕ್ಕೇ ಹೆಸರಾದ ಅಮೆರಿಕದ ಅಧ್ಯಕ್ಷ ನಿಕ್ಸನ್ ಬೀಜಿಂಗಿಗೆ ಹೋಗಿ ಮಾವೋ ಕೈ ಕುಲುಕಿದರು. ತತ್ತ್ವವೊಂದೇ ಕಾರಣವಾಗಿದ್ದರೆ ಇವು ಯಾವುವೂ ನಡೆಯುವಂತಿರಲಿಲ್ಲ. ನನ್ನ ವಾದ ಇಷ್ಟು: ಆ ಪೈಪೋಟಿ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಲ್ಪಟ್ಟದ್ದು, ಪ್ರತಿ ಮೆಟ್ಟಿಲಲ್ಲೂ ಒಬ್ಬರ ರಕ್ಷಣೆಯ ಏರ್ಪಾಟು ಇನ್ನೊಬ್ಬರ ಕಣ್ಣಿಗೆ ದಾಳಿಯ ಸಿದ್ಧತೆಯಾಗಿ ಕಂಡಿತು, 1950ರ ಶರತ್ಕಾಲದವರೆಗೂ ಅದು ಹೆಚ್ಚಾಗಿ ಯುರೋಪಿನ ರಾಜಕೀಯ ಜಗಳವಾಗಿಯೇ ಉಳಿದಿತ್ತು, ತಗ್ಗಿಸಬಹುದಾದ ಹದದಲ್ಲಿತ್ತು, ಕೊರಿಯಾದಲ್ಲಿ ವಿಶ್ವಸಂಸ್ಥೆಯ ಪಡೆ 38ನೇ ಅಕ್ಷಾಂಶದ ಗೆರೆಯನ್ನು ದಾಟಿ ಉತ್ತರಕ್ಕೆ ನಡೆದಾಗ ಅದು ಇಡೀ ಭೂಗೋಳವನ್ನು ಆವರಿಸಿದ ಶಸ್ತ್ರಸಜ್ಜಿತ ಪೈಪೋಟಿಯಾಯಿತು. ಆ ಗಳಿಗೆಯಲ್ಲಿ ದಾಟಬೇಡಿ ಎಂದು ಹೇಳಿದವರಿದ್ದರು. ಅವರ ಮಾತು ಕೇಳಿಸಿತು, ಆದರೆ ತಳ್ಳಿಹಾಕಲಾಯಿತು.

ಮೊದಲ ಮೆಟ್ಟಿಲುಗಳನ್ನು ನೋಡೋಣ. 1945ರ ಫೆಬ್ರವರಿಯಲ್ಲಿ ಯಾಲ್ಟಾದಲ್ಲಿ ರೂಸ್‌ವೆಲ್ಟ್, ಚರ್ಚಿಲ್, ಸ್ಟಾಲಿನ್ ಒಟ್ಟಿಗೆ ಕೂತು ಯುದ್ಧಾನಂತರದ ಯುರೋಪಿನ ಮಾತಾಡಿದಾಗ ಸೋವಿಯತ್ ನೆಲ ಬೂದಿಯಾಗಿತ್ತು. ಆ ಯುದ್ಧದಲ್ಲಿ ಸುಮಾರು 2.7 ಕೋಟಿ ಸೋವಿಯತ್ ಪ್ರಜೆಗಳು ಸತ್ತರೆಂಬುದು ಇಂದು ಸಾಮಾನ್ಯವಾಗಿ ಒಪ್ಪಿರುವ ಲೆಕ್ಕ. ಮೂವತ್ತು ವರ್ಷಗಳೊಳಗೆ ಎರಡು ಬಾರಿ ಜರ್ಮನಿ ತನ್ನ ಮೇಲೆ ಏರಿ ಬಂದದ್ದನ್ನು ಕಂಡ ದೇಶಕ್ಕೆ ಪೋಲೆಂಡ್ ತನ್ನ ಕಾವಲಿನಲ್ಲಿರಬೇಕು ಎನ್ನಿಸಿದ್ದು ಸಹಜ. ಅದೇ ಪೋಲೆಂಡಿನಲ್ಲಿ ಸ್ವತಂತ್ರ ಚುನಾವಣೆ ಮಾಡುತ್ತೇನೆಂದು ಕೊಟ್ಟ ಮಾತನ್ನು ಸ್ಟಾಲಿನ್ ಮುರಿದದ್ದನ್ನು ಕಂಡ ಅಮೆರಿಕನ್ನರಿಗೆ ಈ ಮನುಷ್ಯ ಎಲ್ಲಿಯೂ ನಿಲ್ಲುವವನಲ್ಲ ಎನ್ನಿಸಿದ್ದೂ ಅಷ್ಟೇ ಸಹಜ. ಯುರೋಪಿನ ಯುದ್ಧ ಮುಗಿದ ತಿಂಗಳಲ್ಲೇ ಅಮೆರಿಕದ ಯುದ್ಧಕಾಲದ ನೆರವು ಥಟ್ಟನೆ ಮೊಟಕಾಯಿತು. ಆಗಸ್ಟಿನಲ್ಲಿ ಹಿರೋಷಿಮಾ ಮೇಲೆ ಬಾಂಬು ಬಿತ್ತು. ಜಪಾನಿನ ಮೇಲೆ ಬಿದ್ದ ಆ ಬಾಂಬಿನಲ್ಲಿ ಸ್ಟಾಲಿನ್ ತನಗೂ ಒಂದು ಸಂದೇಶ ಓದಿಕೊಂಡ. 1946ರ ಫೆಬ್ರವರಿ 22ರಂದು ಮಾಸ್ಕೋದಿಂದ ಅಮೆರಿಕದ ರಾಜತಾಂತ್ರಿಕ ಜಾರ್ಜ್ ಕೆನನ್ ವಾಷಿಂಗ್ಟನ್ನಿಗೆ ಕಳಿಸಿದ ದೀರ್ಘ ತಂತಿಯಲ್ಲಿ, ಸೋವಿಯತ್ ಆಡಳಿತ ಹೊರಜಗತ್ತನ್ನು ಶತ್ರುವೆಂದೇ ಕಾಣುತ್ತದೆ, ಅದರೊಂದಿಗೆ ಶಾಶ್ವತ ಹೊಂದಾಣಿಕೆ ಸಾಧ್ಯವಿಲ್ಲ ಎಂದು ಬರೆದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ವಾಷಿಂಗ್ಟನ್ನಿನ ಸೋವಿಯತ್ ರಾಯಭಾರಿ ನಿಕೊಲಾಯ್ ನೊವಿಕೊವ್ ಮಾಸ್ಕೋಗೆ ಕಳಿಸಿದ ವರದಿಯಲ್ಲಿ, ಅಮೆರಿಕ ಜಗತ್ತಿನ ಮೇಲೆ ಪ್ರಭುತ್ವ ಸಾಧಿಸಲು ಹೊರಟಿದೆ ಎಂದು ಬರೆದರು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದರೆ ಹೆಸರುಗಳನ್ನು ಅದಲು ಬದಲು ಮಾಡಿದಂತಿದೆ. ಪಕ್ಕದ ತೋಟದವ ಅಗಳು ಆಳ ಮಾಡಿದರೆ ನನ್ನ ಜಾಗಕ್ಕೇ ಕೈ ಹಾಕುತ್ತಾನೆಂದು ಇವನು ಬೇಲಿ ಮುಂದಕ್ಕೆ ಸರಿಸುತ್ತಾನೆ. ಬೇಲಿ ಸರಿದದ್ದು ಕಂಡು ಅವನು ಇನ್ನೂ ಆಳ ತೋಡುತ್ತಾನೆ. ಇಲ್ಲಿ ಇಬ್ಬರಿಗೂ ಭಯ ನಿಜ, ಇಬ್ಬರ ಅನುಮಾನಕ್ಕೂ ಆಧಾರವಿತ್ತು.

ಆದರೂ ಆ ಹೊತ್ತಿನಲ್ಲಿ ಹಿಂದೆ ಸರಿದ ಉದಾಹರಣೆಗಳಿವೆ ಎಂಬುದನ್ನು ಮರೆಯಬಾರದು. ಉತ್ತರ ಇರಾನಿನಲ್ಲಿ ಪಟ್ಟು ಹಿಡಿದು ಕೂತಿದ್ದ ಸೋವಿಯತ್ ಪಡೆ 1946ರ ಮೇ ಹೊತ್ತಿಗೆ ಹೊರಟುಹೋಯಿತು. ಗ್ರೀಸಿನ ವಿಷಯ ಇನ್ನೂ ಹೇಳಿಕೊಡುತ್ತದೆ. 1947ರ ಮಾರ್ಚ್ 12ರಂದು ಅಮೆರಿಕದ ಅಧ್ಯಕ್ಷ ಟ್ರೂಮನ್ ಗ್ರೀಸ್ ಮತ್ತು ಟರ್ಕಿಗಳಿಗೆ 40 ಕೋಟಿ ಡಾಲರ್ ಕೇಳಿ, ಒತ್ತಡಕ್ಕೆ ಸಿಕ್ಕಿದ ಎಲ್ಲ ಸ್ವತಂತ್ರ ಜನರಿಗೂ ಅಮೆರಿಕ ಬೆಂಬಲವಾಗಿ ನಿಲ್ಲಬೇಕೆಂದು ಘೋಷಿಸಿದಾಗ, ಗ್ರೀಕ್ ಬಂಡಾಯದ ಹಿಂದೆ ಸ್ಟಾಲಿನ್ ಇದ್ದಾನೆಂಬ ಊಹೆ ಅದರ ತಳಹದಿಯಾಗಿತ್ತು. ವಾಸ್ತವದಲ್ಲಿ 1944ರ ಅಕ್ಟೋಬರಿನಲ್ಲೇ ಸ್ಟಾಲಿನ್ ಗ್ರೀಸನ್ನು ಚರ್ಚಿಲ್ಲರ ಪಾಲಿಗೆ ಬಿಟ್ಟುಕೊಟ್ಟಿದ್ದ. ಬಂಡುಕೋರರಿಗೆ ನೆರವಾಗುತ್ತಿದ್ದುದು ಮುಖ್ಯವಾಗಿ ಟಿಟೋನ ಯುಗೊಸ್ಲಾವಿಯ. 1948ರ ಫೆಬ್ರವರಿಯಲ್ಲಿ ಆ ಬಂಡಾಯವನ್ನು ನಿಲ್ಲಿಸಬೇಕೆಂದು ಸ್ಟಾಲಿನ್ ಯುಗೊಸ್ಲಾವರನ್ನು ಗದರಿಸಿದ. ಊಹೆ ತಪ್ಪಾಗಿತ್ತು, ಘೋಷಣೆ ಉಳಿಯಿತು. ಮಾಸ್ಕೋ ಕಡೆಯೂ ಇದೇ ಆಯಿತು. ಪಾಳುಬಿದ್ದ ಯುರೋಪನ್ನು ಎತ್ತಿ ನಿಲ್ಲಿಸಲು ಅಮೆರಿಕ ತಂದ ಮಾರ್ಷಲ್ ಯೋಜನೆಗೆ ಸೇರಲು ಹೊರಟಿದ್ದ ಜೆಕೊಸ್ಲೊವಾಕಿಯವನ್ನು ಸ್ಟಾಲಿನ್ 1947ರ ಜುಲೈಯಲ್ಲಿ ತಡೆದ. ಮರುವರ್ಷ ಫೆಬ್ರವರಿಯಲ್ಲಿ ಪ್ರಾಗ್‌ನಲ್ಲಿ ಕಮ್ಯುನಿಸ್ಟರು ಅಧಿಕಾರ ಹಿಡಿದರು. ಜೂನಿನಲ್ಲಿ ಬರ್ಲಿನ್ ದಿಗ್ಬಂಧನ ಶುರುವಾಯಿತು. ಅದು ಮುಗಿಯುವ ಮೊದಲೇ, 1949ರ ಏಪ್ರಿಲ್ 4ರಂದು, ಪಶ್ಚಿಮದ ಸೈನಿಕ ಒಕ್ಕೂಟ ನೇಟೋ ಹುಟ್ಟಿತು. ಆದರೆ ಆ ನೇಟೋಗೆ ಆಗ ಒಂದು ಕೂಡುಸೇನೆಯೂ ಇರಲಿಲ್ಲ, ಸೇನಾಪತಿಯೂ ಇರಲಿಲ್ಲ. ಅದೊಂದು ಭರವಸೆಯ ಪತ್ರ ಮಾತ್ರ. 1950ರ ಏಪ್ರಿಲಿನಲ್ಲಿ ಅಮೆರಿಕದ ಅಧಿಕಾರಿಗಳು ಶಸ್ತ್ರಬಲವನ್ನು ಬಹುವಾಗಿ ಹೆಚ್ಚಿಸಬೇಕೆಂಬ 68ನೇ ನಂಬರಿನ ರಹಸ್ಯ ದಸ್ತಾವೇಜು ತಯಾರಿಸಿದಾಗ ಟ್ರೂಮನ್ ಖರ್ಚಿನ ಲೆಕ್ಕ ಕೇಳಿ ಅದನ್ನು ಪಕ್ಕಕ್ಕಿಟ್ಟರು. ಅಂದರೆ ಮದ್ದು ಸಿದ್ಧವಾಗಿತ್ತು, ಕಿಡಿ ಬಿದ್ದಿರಲಿಲ್ಲ.

ಕಿಡಿ ಬಿದ್ದದ್ದು ಯಾರೂ ಎಣಿಸದ ಜಾಗದಲ್ಲಿ. 1945ರ ಆಗಸ್ಟಿನಲ್ಲಿ ಜಪಾನ್ ಶರಣಾಗುವ ಗಡಿಬಿಡಿಯಲ್ಲಿ ಇಬ್ಬರು ಅಮೆರಿಕನ್ ಕರ್ನಲ್‌ಗಳು ನಕಾಶೆ ನೋಡಿ ಕೊರಿಯಾವನ್ನು 38ನೇ ಅಕ್ಷಾಂಶದಲ್ಲಿ ಎರಡು ಮಾಡಿದರು. ಉತ್ತರದಲ್ಲಿ ಜಪಾನಿ ಸೈನ್ಯದ ಶರಣಾಗತಿಯನ್ನು ರಷ್ಯನ್ನರು, ದಕ್ಷಿಣದಲ್ಲಿ ಅಮೆರಿಕನ್ನರು ಪಡೆಯಬೇಕೆಂಬುದಷ್ಟೇ ಅದರ ಉದ್ದೇಶ. ನದಿ, ಬೆಟ್ಟ, ಭಾಷೆ ಯಾವುದನ್ನೂ ಅನುಸರಿಸದ ಆ ಗೆರೆ ಮೂರು ವರ್ಷಗಳಲ್ಲಿ ಎರಡು ಸರ್ಕಾರಗಳ ಗಡಿಯಾಯಿತು. ಎರಡು ಸರ್ಕಾರಗಳೂ ಇಡೀ ಕೊರಿಯಾ ತಮ್ಮದೆನ್ನುತ್ತಿದ್ದವು. ಯುದ್ಧ ಶುರು ಮಾಡಿದವರು ಯಾರು ಎಂಬ ಬಗ್ಗೆ ಬಹುಕಾಲ ವಾದವಿತ್ತು. ನಮ್ಮ ಎಡಪಂಥೀಯ ಗೆಳೆಯರು ದಕ್ಷಿಣದವರೇ ಕೆಣಕಿದರೆಂದು ಹೇಳುತ್ತಿದ್ದ ಕಾಲವೂ ಇತ್ತು. 1994ರಲ್ಲಿ ರಷ್ಯದ ಅಧ್ಯಕ್ಷ ಯೆಲ್ತ್ಸಿನ್ ದಕ್ಷಿಣ ಕೊರಿಯಾದ ಅಧ್ಯಕ್ಷರಿಗೆ ಕೊಟ್ಟ ಕಾಗದಗಳು ಆ ವಾದಕ್ಕೆ ತೆರೆ ಎಳೆದವು. ಉತ್ತರ ಕೊರಿಯಾದ ನಾಯಕ ಕಿಮ್ ಇಲ್ ಸುಂಗ್ ದಾಳಿಗೆ ಅನುಮತಿ ಬೇಡಿದ್ದ. 1949ರಲ್ಲಿ ಸ್ಟಾಲಿನ್ ಒಪ್ಪಿರಲಿಲ್ಲ. 1950ರ ಏಪ್ರಿಲಿನಲ್ಲಿ ಮಾಸ್ಕೋದಲ್ಲಿ ಒಪ್ಪಿದ, ಮಾವೋ ಸಮ್ಮತಿಯೂ ಬೇಕೆಂಬ ಷರತ್ತಿನೊಡನೆ. ಇಲ್ಲಿ ನನ್ನ ವಾದಕ್ಕೆ ಮೊದಲ ದೊಡ್ಡ ಆಕ್ಷೇಪ ಬರುತ್ತದೆ: ಸ್ಟಾಲಿನ್‌ನೇ ಹಸಿರು ನಿಶಾನೆ ತೋರಿಸಿದ ಮೇಲೆ ಭಯ, ತಪ್ಪುಗ್ರಹಿಕೆ ಎಂದೆಲ್ಲ ಹೇಳುವುದೇಕೆ, ಇದು ನೇರ ಆಕ್ರಮಣವಲ್ಲವೇ? ಆಕ್ರಮಣವೇ, ಸಂಶಯವಿಲ್ಲ, ಅದರ ಹೊಣೆ ಕಿಮ್ ಮತ್ತು ಸ್ಟಾಲಿನ್ ಮೇಲಿದೆ. ಆದರೆ ಅದೇ ಕಾಗದಗಳು ಇನ್ನೊಂದನ್ನೂ ತೋರಿಸುತ್ತವೆ. ಒಂದು ವರ್ಷ ಬೇಡವೆಂದವನು ಮರುವರ್ಷ ಹೂಂ ಎಂದದ್ದು, ಈ ನಡುವೆ ಅಮೆರಿಕದ ಸೈನ್ಯ ಕೊರಿಯಾದಿಂದ ಹೊರಟುಹೋಗಿದ್ದರಿಂದ, ಚೀನದಲ್ಲಿ ಕಮ್ಯುನಿಸ್ಟರು ಗೆದ್ದಿದ್ದರಿಂದ, ಅಮೆರಿಕ ಅಡ್ಡ ಬರಲಾರದು ಎಂಬ ತಪ್ಪು ಲೆಕ್ಕ ಹಾಕಿದ್ದರಿಂದ. ಸ್ಟಾಲಿನ್ ಹುಡುಕುತ್ತಿದ್ದುದು ಅಗ್ಗದ ಲಾಭ. ಜಗತ್ತನ್ನು ಗೆಲ್ಲುವ ಯೋಜನೆಯ ಮೊದಲ ಹೆಜ್ಜೆ ಇದೆಂದು ವಾಷಿಂಗ್ಟನ್ ತಿಳಿದದ್ದು ಎರಡನೆಯ ತಪ್ಪು ಲೆಕ್ಕ.

ಇಂಥ ಹೊತ್ತಿನಲ್ಲಿ ರಾವ್ ಮಾಡಿದ್ದೇನು? ಜೂನ್ 25ರ ನಿರ್ಣಯ ಉತ್ತರ ಕೊರಿಯಾವನ್ನು ಹೆಸರಿಸಿ, ಪಡೆಗಳನ್ನು ಗೆರೆಯ ಆಚೆ ಹಿಂದಕ್ಕೆ ಕರೆಸಿಕೊಳ್ಳಲು ಕೇಳಿತು. ಒಂಬತ್ತು ಮತ ಪರ, ಯುಗೊಸ್ಲಾವಿಯ ತಟಸ್ಥ, ಕಮ್ಯುನಿಸ್ಟ್ ಚೀನಕ್ಕೆ ಸ್ಥಾನ ಕೊಡದಿದ್ದುದನ್ನು ಪ್ರತಿಭಟಿಸಿ ಜನವರಿಯಿಂದ ಹೊರಗಿದ್ದ ಸೋವಿಯತ್ ಪ್ರತಿನಿಧಿ ಗೈರು. ಭಾರತ ಪರವಾಗಿ ಮತ ಹಾಕಿತು. ಎರಡು ದಿನಗಳ ಮೇಲೆ ದಕ್ಷಿಣಕ್ಕೆ ನೆರವು ಕೊಡಬೇಕೆಂಬ ನಿರ್ಣಯ ಬಂದಾಗ ದೆಹಲಿಯಿಂದ ಸೂಚನೆ ಬಂದಿರಲಿಲ್ಲವಾಗಿ ರಾವ್ ಮತದಾನದಲ್ಲಿ ಭಾಗವಹಿಸಲಿಲ್ಲ. 29ರಂದು ಭಾರತ ಅದನ್ನೂ ಒಪ್ಪಿತು. ಜುಲೈ 7ರಂದು ವಿಶ್ವಸಂಸ್ಥೆಯ ಪಡೆಯನ್ನು ಅಮೆರಿಕದ ನಾಯಕತ್ವಕ್ಕೆ ಒಪ್ಪಿಸುವ ನಿರ್ಣಯದಲ್ಲಿ ಭಾರತ ತಟಸ್ಥವಾಯಿತು. ಹೋರಾಡುವ ಸೈನಿಕರನ್ನು ಕಳಿಸಲಿಲ್ಲ, ಗಾಯಾಳುಗಳ ಆರೈಕೆಗೆ 60ನೇ ಪ್ಯಾರಾಚೂಟ್ ಫೀಲ್ಡ್ ಆಂಬ್ಯುಲೆನ್ಸ್ ಘಟಕವನ್ನು ಕಳಿಸಿತು. ಈ ನಾಲ್ಕು ಹೆಜ್ಜೆಗಳನ್ನು ಸಾಲಾಗಿಟ್ಟು ನೋಡಿದರೆ ಅವುಗಳಲ್ಲಿ ಅಳುಕಿಲ್ಲ, ಒಂದು ಸ್ಪಷ್ಟ ವಿವೇಚನೆ ಇದೆ. ಆಕ್ರಮಣವನ್ನು ಆಕ್ರಮಣವೆಂದು ಕರೆಯಬೇಕು, ಅದನ್ನು ಹಿಮ್ಮೆಟ್ಟಿಸಬೇಕು. ಆದರೆ ಹಿಮ್ಮೆಟ್ಟಿಸುವುದಕ್ಕೂ ಎದುರಾಳಿಯ ನೆಲವನ್ನು ಗೆಲ್ಲುವುದಕ್ಕೂ ವ್ಯತ್ಯಾಸವಿದೆ. ನ್ಯಾಯಾಧೀಶರಾಗಿ ದುಡಿದ ರಾವ್ ಅವರಿಗೆ ಈ ವ್ಯತ್ಯಾಸ ಎಂದೂ ಮಸುಕಾಗಲಿಲ್ಲ. ಆಗಸ್ಟಿನಲ್ಲಿ ಸೋವಿಯತ್ ಪ್ರತಿನಿಧಿ ಮರಳಿ ಬಂದು ಮಂಡಳಿ ಬರಿಯ ಬೈಗುಳದ ಕಟ್ಟೆಯಾಗಿದ್ದಾಗ, ಮಂಡಳಿಯ ಆರು ತಾತ್ಕಾಲಿಕ ಸದಸ್ಯರ ಸಮಿತಿ ಮಾಡಿ ಸಂಧಾನದ ಪ್ರಸ್ತಾಪಗಳನ್ನು ಪರಿಶೀಲಿಸೋಣ ಎಂದು ಸೂಚಿಸಿದವರು ಅವರೇ. ದೊಡ್ಡವರ ಜಗಳದಲ್ಲಿ ಚಿಕ್ಕ ದೇಶಗಳಿಗೂ ಕೆಲಸವಿದೆ ಎಂಬ ನಂಬಿಕೆ ಅದರ ಹಿಂದಿತ್ತು. ಸೂಚನೆ ಮುಂದುವರಿಯಲಿಲ್ಲ.

ಸೆಪ್ಟೆಂಬರ್ 15ರಂದು ವಿಶ್ವಸಂಸ್ಥೆಯ ಪಡೆಯ ಸೇನಾಪತಿ ಮೆಕಾರ್ಥರ್ ಇಂಚಾನ್‌ನಲ್ಲಿ ಪಡೆ ಇಳಿಸಿ ಯುದ್ಧದ ದಿಕ್ಕನ್ನೇ ತಿರುಗಿಸಿದರು. ತಿಂಗಳ ಕೊನೆಗೆ ಉತ್ತರದ ಸೈನ್ಯ ಗೆರೆಯಾಚೆಗೆ ಓಡಿತ್ತು. ಜೂನ್ 25ರ ನಿರ್ಣಯ ಕೇಳಿದ್ದು ಈಡೇರಿತ್ತು. ಅಲ್ಲಿ ನಿಲ್ಲಬಹುದಿತ್ತು. ಅಕ್ಟೋಬರ್ 2ರ ನಡುರಾತ್ರಿ ಬೀಜಿಂಗಿನಲ್ಲಿ ಚೀನದ ಪ್ರಧಾನಿ ಚೌ ಎನ್‌ಲಾಯ್ ಭಾರತದ ರಾಯಭಾರಿ ಕೆ.ಎಂ. ಪಣಿಕ್ಕರ್ ಅವರನ್ನು ಮನೆಯಿಂದ ಕರೆಸಿ, ಅಮೆರಿಕನ್ ಪಡೆ ಗೆರೆ ದಾಟಿದರೆ ಚೀನ ಯುದ್ಧಕ್ಕಿಳಿಯುತ್ತದೆ ಎಂದು ಹೇಳಿದರು. ದಕ್ಷಿಣ ಕೊರಿಯಾದವರು ದಾಟಿದರೆ ಬೇರೆ, ಅಮೆರಿಕನ್ನರು ದಾಟಿದರೆ ಬೇರೆ ಎಂದೂ ಬಿಡಿಸಿ ಹೇಳಿದರು. ಸಂದೇಶ ದೆಹಲಿಯ ಮೂಲಕ ಕೂಡಲೇ ವಾಷಿಂಗ್ಟನ್ನಿಗೆ, ಲಂಡನ್ನಿಗೆ ಮುಟ್ಟಿತು. ಪಣಿಕ್ಕರ್ ಚೀನದ ಕಡೆ ವಾಲಿದವರು, ಅವರ ಮಾತಿಗೆ ಬೆಲೆ ಇಲ್ಲ ಎಂದು ಟ್ರೂಮನ್ ಸರ್ಕಾರ ಅದನ್ನು ಬದಿಗೊತ್ತಿತು. ವಿಶ್ವಸಂಸ್ಥೆಯ ಚರ್ಚೆಯಲ್ಲಿ ರಾವ್, ಗೆರೆ ದಾಟಿದರೆ ಯುದ್ಧ ಹರಡೀತೆಂಬ ತಮ್ಮ ಸರ್ಕಾರದ ಆತಂಕವನ್ನು ಬಿಚ್ಚಿಟ್ಟು, ಎದುರು ಬದುರಾದ ಪ್ರಸ್ತಾಪಗಳನ್ನು ಹೊಂದಿಸಲು ಒಂದು ಉಪಸಮಿತಿ ಬೇಕೆಂದು ಕೇಳಿದರು. ಅದಕ್ಕೆ ಸೋಲಾಯಿತು. ಅಕ್ಟೋಬರ್ 7ರಂದು ಮಹಾಸಭೆ 47 ಮತಗಳಿಂದ ಇಡೀ ಕೊರಿಯಾದಲ್ಲಿ ಸ್ಥಿರತೆ ತರಲು ಕ್ರಮ ಕೈಗೊಳ್ಳಬಹುದೆಂದು ಒಪ್ಪಿತು. ವಿರುದ್ಧ ಐದು, ತಟಸ್ಥ ಏಳು, ಭಾರತ ತಟಸ್ಥರಲ್ಲಿ. ಅಮೆರಿಕನ್ ಪಡೆ ಗೆರೆ ದಾಟಿತು. ಅದೇ ತಿಂಗಳ 19ರಂದು ಚೀನೀ ಸೈನ್ಯ ಗಡಿಯ ಯಾಲು ನದಿ ದಾಟಿತು. ನವೆಂಬರ್ ಕೊನೆಗೆ ಮೆಕಾರ್ಥರ್ ಸೈನ್ಯ ಹಿಮದಲ್ಲಿ ದಕ್ಷಿಣಕ್ಕೆ ಓಡಿ ಬರುತ್ತಿತ್ತು, ಟ್ರೂಮನ್ ಪತ್ರಕರ್ತರ ಎದುರು ಅಣುಬಾಂಬಿನ ಮಾತೆತ್ತಿದ್ದರು, ಕೆಲವೇ ದಿನಗಳಲ್ಲಿ ಬ್ರಿಟನ್ನಿನ ಪ್ರಧಾನಿ ಆಟ್ಲಿ ಗಾಬರಿಯಿಂದ ವಾಷಿಂಗ್ಟನ್ನಿಗೆ ಹಾರಿದರು. ಕಮ್ಯುನಿಸಂ ಹರಡದಂತೆ ತಡೆಯುವ ನೀತಿಯ ಜನಕ ಎನ್ನಿಸಿಕೊಂಡ ಕೆನನ್ ಅವರೇ ಗೆರೆ ದಾಟುವುದು ಬೇಡವೆಂದು ತಮ್ಮ ಸರ್ಕಾರಕ್ಕೆ ಹೇಳಿದ್ದರು ಎಂಬುದನ್ನು ಇಲ್ಲಿ ನೆನೆಯಬೇಕು. ಆದ್ದರಿಂದ ರಾವ್ ಅವರದು ತಟಸ್ಥ ದೇಶದ ಭೋಳೆತನದ ಮಾತಾಗಿರಲಿಲ್ಲ.

ಎರಡನೆಯ ಆಕ್ಷೇಪ ವಿದ್ವಾಂಸರದ್ದು, ಗಂಭೀರವಾದದ್ದು. ಗೆರೆ ದಾಟಲಿ ಬಿಡಲಿ, ಮಾವೋ ಹೇಗೂ ಯುದ್ಧಕ್ಕಿಳಿಯುತ್ತಿದ್ದ. ಹೊಸ ಕ್ರಾಂತಿಯನ್ನು ಗಟ್ಟಿ ಮಾಡಿಕೊಳ್ಳಲು ಅವನಿಗೆ ಅಮೆರಿಕದೊಡನೆ ಒಂದು ಹೋರಾಟ ಬೇಕಿತ್ತು. ಆದ್ದರಿಂದ ಪಣಿಕ್ಕರ್, ರಾವ್ ಅವರ ಎಚ್ಚರಿಕೆ ಕೇಳಿದ್ದರೂ ಫಲವಿರಲಿಲ್ಲ ಎಂಬುದು ಅದರ ಸಾರ. ಚೀನದ ದಾಖಲೆಗಳಲ್ಲಿ ಇದಕ್ಕೆ ಬೆಂಬಲವೂ ಇದೆ: ಅಕ್ಟೋಬರ್ 2ರ ದಿನಾಂಕದ ಒಂದು ಕರಡು ತಂತಿಯಲ್ಲಿ ಮಾವೋ ಪಡೆ ಕಳಿಸುತ್ತೇನೆಂದು ಸ್ಟಾಲಿನ್‌ಗೆ ಬರೆದಿದ್ದಾನೆ. ಆದರೆ ಮಾಸ್ಕೋಗೆ ನಿಜವಾಗಿ ಮುಟ್ಟಿದ, ರಷ್ಯದ ಕಡತಗಳಲ್ಲಿ ಸಿಕ್ಕ ಸಂದೇಶ ಬೇರೆಯೇ. ಅದರಲ್ಲಿ ಮಾವೋ ಈಗ ಪಡೆ ಕಳಿಸದಿರುವುದೇ ಲೇಸು ಎನ್ನುತ್ತಾನೆ. ಒಂದೇ ದಿನದ ಎರಡು ಕಾಗದಗಳು ಎರಡು ಮಾತಾಡುವಾಗ, ಬೀಜಿಂಗಿನಲ್ಲಿ ಮನಸ್ಸು ಇನ್ನೂ ತೂಗಾಡುತ್ತಿತ್ತೆಂದು ತಿಳಿಯುವುದೇ ಸರಿ. ಅವನ ಸಂಗಡಿಗರಲ್ಲಿ ಹಲವರು ಯುದ್ಧ ಬೇಡವೆನ್ನುತ್ತಿದ್ದರು; ತೀರ್ಮಾನ ಆದದ್ದು ಅಕ್ಟೋಬರ್ 5ರ ಸಭೆಯಲ್ಲಿ, ಆಜ್ಞೆ ಹೊರಟದ್ದು 8ರಂದು, ಗೆರೆಯ ವಿಷಯದಲ್ಲಿ ಅಮೆರಿಕ ಯಾವ ಕಡೆಗೆ ಹೊರಟಿದೆ ಎಂಬುದು ಖಚಿತವಾದ ಮೇಲೆ. ಚೀನ ಎಂದೂ ಬರುತ್ತಿರಲಿಲ್ಲವೆಂದು ನಾನು ಹೇಳಲಾರೆ. ಆದರೆ ತಡೆಯುವ ದಾರಿಯೊಂದು ತೆರೆದಿತ್ತು, ಅದನ್ನು ನಡೆದು ನೋಡಲಿಲ್ಲ. ನಡೆದು ನೋಡದ ದಾರಿಯನ್ನು ಮುಚ್ಚಿದ ದಾರಿ ಎನ್ನಲಾಗದು.

ಅಲ್ಲಿಂದ ಮುಂದಿನದು ಬೇಗ ಹೇಳಬಹುದು, ಏಕೆಂದರೆ ಅದರ ಫಲದಲ್ಲೇ ಜಗತ್ತು ನಲವತ್ತು ವರ್ಷ ಬಾಳಿತು. ಪಕ್ಕಕ್ಕಿಟ್ಟಿದ್ದ ದಸ್ತಾವೇಜಿಗೆ ಟ್ರೂಮನ್ ಒಪ್ಪಿಗೆ ಸಿಕ್ಕಿತು. ಯುದ್ಧಕ್ಕೆ ಮುಂಚೆ ಸುಮಾರು 1300 ಕೋಟಿ ಡಾಲರಿನಷ್ಟಿದ್ದ ಅಮೆರಿಕದ ರಕ್ಷಣಾ ವೆಚ್ಚ ಮೂರು ವರ್ಷಗಳಲ್ಲಿ 5000 ಕೋಟಿಯ ಆಸುಪಾಸಿಗೆ ಏರಿತು, ಹಳೆಯ ಮಟ್ಟಕ್ಕೆ ಮತ್ತೆಂದೂ ಇಳಿಯಲಿಲ್ಲ. 1950ರ ಡಿಸೆಂಬರಿನಲ್ಲಿ ಐಸೆನ್‌ಹೋವರ್ ನೇಟೋದ ಸೇನಾಪತಿಯಾದರು. ಪಶ್ಚಿಮ ಜರ್ಮನಿಗೆ ಮತ್ತೆ ಆಯುಧ ಕೊಡುವ ಮಾತು ಬಂತು, ಅದು 1955ರಲ್ಲಿ ಕೈಗೂಡಿದಾಗ ಮಾಸ್ಕೋ ವಾರ್ಸಾ ಒಪ್ಪಂದದಿಂದ ಉತ್ತರಿಸಿತು. ಯುದ್ಧ ಶುರುವಾದಾಗಲೇ ಫಾರ್ಮೋಸಾ (ತೈವಾನ್) ಜಲಸಂಧಿಗೆ ಬಂದಿದ್ದ ಅಮೆರಿಕದ ನೌಕಾಪಡೆ ಅಲ್ಲೇ ಉಳಿಯಿತು, ಇಂಡೋಚೈನಾದಲ್ಲಿ ಫ್ರೆಂಚರಿಗೆ ಅಮೆರಿಕದ ಹಣ ಹರಿಯಿತು, 1954ರ ಮೇ 19ರಂದು ಪಾಕಿಸ್ತಾನ ಅಮೆರಿಕದೊಡನೆ ಸೈನಿಕ ನೆರವಿನ ಒಪ್ಪಂದ ಮಾಡಿಕೊಂಡಿತು. 1965ರಲ್ಲಿ ನಮ್ಮ ಯೋಧರು ಎದುರಿಸಿದ ಪ್ಯಾಟನ್ ಟ್ಯಾಂಕುಗಳಿಗೂ ಯಾಲು ನದಿಗೂ ನಡುವೆ ಹೀಗೆ ನೇರ ಎಳೆ ಇದೆ. ಬೆಲೆಯ ಮೂಲಕವೂ ಕೊರಿಯಾ ನಮ್ಮ ಹತ್ತಿರ ಬಂತು: ಯುದ್ಧ ಶುರುವಾದೊಡನೆ ರಬ್ಬರ್, ತವರ, ಸೆಣಬುಗಳ ಬೆಲೆ ಜಗತ್ತಿನಾದ್ಯಂತ ಜಿಗಿಯಿತು. ಮುಂದೆ ಪೈಪೋಟಿ ಆಯುಧದಿಂದ ನೆರವಿಗೆ, ನೆರವಿನಿಂದ ವ್ಯಾಪಾರಕ್ಕೆ ಚಾಚಿಕೊಂಡಾಗ, ರೂಪಾಯಿಯಲ್ಲೇ ಹಣ ತೆರುವ ಒಪ್ಪಂದದಡಿ ಸೋವಿಯತ್ ಒಕ್ಕೂಟ ಭಾರತದ ಗೇರುಬೀಜದ ತಿರುಳಿಗೆ ಅಮೆರಿಕದ ಜೊತೆಗೆ ಮತ್ತೊಂದು ದೊಡ್ಡ ಗಿರಾಕಿಯಾಯಿತು. ಈ ಸೀಮೆಯ ಗೇರುತೋಟಗಳಿಗೂ ಕಾರ್ಖಾನೆಗಳಿಗೂ ಎರಡು ಶಿಬಿರಗಳ ರಾಜಕೀಯ ದೂರದ ಸುದ್ದಿಯಾಗಿ ಉಳಿಯಲಿಲ್ಲ.

ರಾವ್ ಅವರ ಕೆಲಸ ಅಕ್ಟೋಬರಿನ ಸೋಲಿಗೆ ನಿಲ್ಲಲಿಲ್ಲ. ಡಿಸೆಂಬರ್ 14ರಂದು ಕದನವಿರಾಮದ ದಾರಿ ಹುಡುಕಲು ಮಹಾಸಭೆ ಮೂವರ ತಂಡ ನೇಮಿಸಿತು: ಸಭೆಯ ಅಧ್ಯಕ್ಷ ಇರಾನಿನ ನಸ್ರುಲ್ಲಾ ಎಂತೆಜಾಮ್, ಕೆನಡಾದ ಲೆಸ್ಟರ್ ಪಿಯರ್ಸನ್, ನರಸಿಂಗ ರಾವ್. ಗೆಲುವಿನ ಅಮಲಿನಲ್ಲಿದ್ದ ಚೀನ ಆಗ ಕದನವಿರಾಮವನ್ನು ಒಲ್ಲೆ ಎಂದಿತು. ಸಂಧಾನಕ್ಕೆ ಅಡ್ಡಬಂದದ್ದು ಅಮೆರಿಕ ಮಾತ್ರವೆಂದು ಹೇಳುವುದು ಅನ್ಯಾಯ. ಆದರೂ 1951ರ ಜನವರಿಯಲ್ಲಿ ಮಾತುಕತೆಯ ಎಳೆ ಇನ್ನೂ ಹರಿಯದಿದ್ದಾಗಲೇ ಅಮೆರಿಕ ಚೀನವನ್ನು ಆಕ್ರಮಣಕಾರನೆಂದು ಸಾರುವ ನಿರ್ಣಯ ತಂದಿತು. ಫೆಬ್ರವರಿ 1ರಂದು ಅದು 44 ಮತಗಳಿಂದ ಗೆದ್ದಿತು. ಸೋವಿಯತ್ ಗುಂಪಿನ ಹೊರಗೆ ಅದರ ವಿರುದ್ಧ ಮತ ಹಾಕಿದವು ಎರಡೇ ದೇಶಗಳು, ಭಾರತ ಮತ್ತು ಬರ್ಮಾ. ಇದಕ್ಕೆ ತೆತ್ತ ಬೆಲೆ ಸಣ್ಣದಲ್ಲ. ಅದೇ ಹೊತ್ತಿನಲ್ಲಿ ನಾವು ಆಗ ಸೇರಿದ್ದ ಮದ್ರಾಸ್ ರಾಜ್ಯದಲ್ಲೂ ಬಿಹಾರದಲ್ಲೂ ಅನ್ನಕ್ಕೆ ತತ್ವಾರ. ಭಾರತ ಅಮೆರಿಕದಿಂದ 20 ಲಕ್ಷ ಟನ್ ಧಾನ್ಯ ಕೇಳಿತ್ತು. ಕೊರಿಯಾದಲ್ಲಿ ನಮಗೆ ಎದುರು ನಿಂತವರಿಗೆ ಏಕೆ ಕೊಡಬೇಕು ಎಂದು ಅಮೆರಿಕದ ಕಾಂಗ್ರೆಸ್ ಸದಸ್ಯರು ತಿಂಗಳುಗಟ್ಟಲೆ ಎಳೆದಾಡಿದರು. 19 ಕೋಟಿ ಡಾಲರಿನ ಸಾಲದ ಕಾನೂನಿಗೆ ಸಹಿ ಬಿದ್ದದ್ದು ಜೂನ್ 15ಕ್ಕೆ. ಹಸಿದವರ ದೇಶ ತತ್ತ್ವ ಮಾತಾಡಬಾರದಿತ್ತು ಎಂದು ಇಂದೂ ಹೇಳುವವರಿದ್ದಾರೆ. ಆ ಮಾತಿನಲ್ಲಿರುವ ನೋವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಹಸಿವಿಗಾಗಿ ಮತವನ್ನು ಮಾರಿದ್ದರೆ, ಎರಡು ವರ್ಷಗಳ ಬಳಿಕ ಯುದ್ಧ ನಿಲ್ಲಿಸಲು ಎರಡು ಕಡೆಯವರೂ ನಂಬಬಹುದಾದ ದೇಶವೊಂದು ಉಳಿದಿರುತ್ತಿರಲಿಲ್ಲ.

1951ರ ಜುಲೈಯಲ್ಲಿ ಕದನವಿರಾಮದ ಮಾತು ಶುರುವಾಗಿ, ಮುಂದಿನ ವರ್ಷ ಒಂದೇ ವಿಷಯಕ್ಕೆ ಸಿಕ್ಕಿಹಾಕಿಕೊಂಡಿತು. ವಿಶ್ವಸಂಸ್ಥೆಯ ಪಡೆ ಹಿಡಿದಿದ್ದ ಯುದ್ಧಕೈದಿಗಳಲ್ಲಿ ಸಾವಿರಾರು ಮಂದಿ ಕಮ್ಯುನಿಸ್ಟ್ ಚೀನಕ್ಕೆ, ಉತ್ತರ ಕೊರಿಯಾಕ್ಕೆ ಮರಳಲು ಒಪ್ಪಲಿಲ್ಲ. ಎಲ್ಲರನ್ನೂ ಒಪ್ಪಿಸಲೇಬೇಕೆಂದು ಒಂದು ಕಡೆ, ಒತ್ತಾಯ ಸಲ್ಲದೆಂದು ಇನ್ನೊಂದು ಕಡೆ. ಈ ಹಟಕ್ಕಾಗಿಯೇ ಯುದ್ಧ ಇನ್ನೂ ಒಂದು ವರ್ಷಕ್ಕಿಂತ ಹೆಚ್ಚು ಎಳೆಯಿತು. ಗುಡ್ಡವೊಂದನ್ನು ಹಿಡಿದು ಬಿಟ್ಟು ಹಿಡಿಯುವುದರಲ್ಲಿ ಸಾವಿರಾರು ಹುಡುಗರು ಸತ್ತರು. 1952ರ ನವೆಂಬರಿನಲ್ಲಿ ವಿ.ಕೆ. ಕೃಷ್ಣಮೆನನ್ ತಟಸ್ಥ ರಾಷ್ಟ್ರಗಳ ಆಯೋಗವೊಂದಕ್ಕೆ ಕೈದಿಗಳನ್ನು ಒಪ್ಪಿಸುವ ಭಾರತದ ಪ್ರಸ್ತಾಪ ಮಂಡಿಸಿದಾಗ ಸೋವಿಯತ್ ಪ್ರತಿನಿಧಿ ವಿಶಿನ್‌ಸ್ಕಿ ಅದನ್ನು ಹೀಯಾಳಿಸಿದರು. ಡಿಸೆಂಬರ್ 3ರಂದು ಮಹಾಸಭೆ ಅದನ್ನು 54 ಮತಗಳಿಂದ ಒಪ್ಪಿತು, ಚೀನ ತಿರಸ್ಕರಿಸಿತು. ಮಾರ್ಚ್ 5ರಂದು ಸ್ಟಾಲಿನ್ ಸತ್ತ. ತಿಂಗಳು ಮುಗಿಯುವುದರೊಳಗೆ ಚೌ ಎನ್‌ಲಾಯ್ ತಟಸ್ಥ ದೇಶವೊಂದಕ್ಕೆ ಕೈದಿಗಳನ್ನು ಒಪ್ಪಿಸುವ ಮಾತಾಡಿದರು. ಜೂನ್ 8ರಂದು ಆದ ಒಪ್ಪಂದಕ್ಕೆ ಬಹುಪಾಲು ಭಾರತದ ಪ್ರಸ್ತಾಪದ್ದೇ ಮೈಕಟ್ಟು. ತತ್ತ್ವ ಬದಲಾಗಿರಲಿಲ್ಲ, ಮನುಷ್ಯ ಬದಲಾಗಿದ್ದ. ತತ್ತ್ವಗಳ ಅನಿವಾರ್ಯ ಕದನ ಎಂಬ ವಾದಕ್ಕೆ ಇದಕ್ಕಿಂತ ಗಟ್ಟಿಯಾದ ಉತ್ತರ ನನಗೆ ಗೊತ್ತಿಲ್ಲ.

ಸ್ವೀಡನ್, ಸ್ವಿಟ್ಜರ್‌ಲೆಂಡ್, ಪೋಲೆಂಡ್, ಜೆಕೊಸ್ಲೊವಾಕಿಯ, ಭಾರತ ಸೇರಿದ ಆ ಆಯೋಗಕ್ಕೆ ಅಧ್ಯಕ್ಷರಾಗಿ ತಿಮ್ಮಯ್ಯ, ಕಾವಲಿಗೆ ಮೇಜರ್ ಜನರಲ್ ಎಸ್.ಪಿ.ಪಿ. ಥೋರಟ್ ಅವರ ಕೈಕೆಳಗೆ ಐದು ಸಾವಿರಕ್ಕೂ ಮೀರಿದ ಭಾರತೀಯ ಸೈನಿಕರು ಹೋದರು. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಈ ಸೈನಿಕರ ಕಾಲು ತನ್ನ ನೆಲಕ್ಕೆ ತಾಗಬಾರದೆಂದ. ಹಡಗಿನಿಂದ ಹೆಲಿಕಾಪ್ಟರುಗಳಲ್ಲಿ ಅವರನ್ನು ಸೇನಾಮುಕ್ತ ವಲಯಕ್ಕೆ ಸಾಗಿಸಬೇಕಾಯಿತು. ದಕ್ಷಿಣದ ಕಡೆಯಿಂದ 22 ಸಾವಿರಕ್ಕೂ ಹೆಚ್ಚು, ಉತ್ತರದ ಕಡೆಯಿಂದ 359 ಕೈದಿಗಳು ಅವರ ವಶಕ್ಕೆ ಬಂದರು. ಆ 359ರಲ್ಲಿ 23 ಅಮೆರಿಕನ್ನರೂ ಒಬ್ಬ ಬ್ರಿಟಿಷನೂ ಇದ್ದರು. ಪ್ರತಿಯೊಬ್ಬನೂ ತನ್ನ ದೇಶದ ಪ್ರತಿನಿಧಿಯ ಮಾತು ಕೇಳಿ, ತಾನೇ ತೀರ್ಮಾನಿಸಬೇಕು. ಶಿಬಿರಗಳೊಳಗೆ ತಮ್ಮವರನ್ನೇ ಹೊಡೆದು ಹೆದರಿಸುವ ಗುಂಪುಗಳಿದ್ದವು. ಆಯೋಗದಲ್ಲಿ ಇಬ್ಬರು ಒಂದು ಕಡೆ, ಇಬ್ಬರು ಇನ್ನೊಂದು ಕಡೆ. ಪ್ರತಿ ತೀರ್ಮಾನವೂ ತಿಮ್ಮಯ್ಯನವರ ಮತಕ್ಕೆ ಬಂದು ನಿಲ್ಲುತ್ತಿತ್ತು. ಬಲಪ್ರಯೋಗದಿಂದ ಕೈದಿಗಳನ್ನು ಎಳೆತಂದು ಮಾತು ಕೇಳಿಸಿ ಎಂದು ಚೀನ ಒತ್ತಾಯಿಸಿತು, ಅವರು ಒಪ್ಪಲಿಲ್ಲ. ಅವಧಿ ಮುಗಿದೊಡನೆ ಎಲ್ಲರೂ ನಾಗರಿಕರೆಂದು ಸಾರಿಬಿಡಿ ಎಂದು ಅಮೆರಿಕ ಒತ್ತಾಯಿಸಿತು. ಅದಕ್ಕೂ ಒಪ್ಪಲಿಲ್ಲ, ರಾಜಕೀಯ ಸಮ್ಮೇಳನ ನಡೆಯದೆ ಹಾಗೆ ಸಾರುವ ಅಧಿಕಾರ ಆಯೋಗಕ್ಕಿಲ್ಲ ಎಂದರು. 1954ರ ಜನವರಿಯಲ್ಲಿ ಕೈದಿಗಳನ್ನು ಬಂದ ಕಡೆಗೇ ಹಿಂತಿರುಗಿಸಿದರು. ಎರಡೂ ಶಿಬಿರಗಳು ಅವರನ್ನು ದೂರಿದವು. ಎಂಬತ್ತಕ್ಕೂ ಮೀರಿದ ಕೈದಿಗಳು ಎರಡು ಕೊರಿಯಾಗಳೂ ಬೇಡ, ಎರಡು ಚೀನಗಳೂ ಬೇಡ ಎಂದು ನಮ್ಮ ಸೈನಿಕರೊಡನೆ ಹಡಗು ಹತ್ತಿ ಭಾರತಕ್ಕೆ ಬಂದರು.

ಕೊನೆಯ ಆಕ್ಷೇಪ ನಮ್ಮೊಳಗಿನದು. ಕೊರಿಯಾದಲ್ಲಿ ಇಷ್ಟು ನಿಷ್ಪಕ್ಷಪಾತ ತೋರಿದ ಭಾರತ 1956ರಲ್ಲಿ ಹಂಗೆರಿಯ ಮೇಲೆ ಸೋವಿಯತ್ ಟ್ಯಾಂಕು ಹರಿದಾಗ ಬಾಯಿ ಬಿಡಲು ತಡಮಾಡಿತು, 1971ರಲ್ಲಿ ಮಾಸ್ಕೋದೊಡನೆ ಇಪ್ಪತ್ತು ವರ್ಷಗಳ ಒಪ್ಪಂದಕ್ಕೇ ಸಹಿ ಹಾಕಿತು. ಹಾಗಿದ್ದರೆ ಅಲಿಪ್ತ ನೀತಿ ಬರಿಯ ಮಾತಲ್ಲವೇ ಎನ್ನುವವರಿದ್ದಾರೆ. ಹಂಗೆರಿಯ ವಿಷಯದಲ್ಲಿ ಆ ಟೀಕೆ ಸರಿಯಾದದ್ದು, ಅದಕ್ಕೆ ಸಮಾಧಾನ ಹೇಳಲು ನಾನು ಹೋಗುವುದಿಲ್ಲ. 1971ರ ಒಪ್ಪಂದ ಪಾಕಿಸ್ತಾನ, ಅಮೆರಿಕ, ಚೀನ ಮೂವರೂ ಒಂದಾದ ಹೊತ್ತಿನ ಅಗತ್ಯ. ಆದರೆ ಒಂದು ನೀತಿ ಮುಂದೆ ಜಾರಿದ್ದು, ಅದು ಮೊದಲು ನಿಂತಾಗ ಸುಳ್ಳಾಗಿತ್ತು ಎಂಬುದಕ್ಕೆ ಸಾಕ್ಷಿಯಲ್ಲ. 1950ರಿಂದ 1954ರವರೆಗಿನ ಭಾರತದ ದಾಖಲೆ ಆಕ್ರಮಣವನ್ನು ಖಂಡಿಸಿದ, ವಿಜಯಯಾತ್ರೆಗೆ ಒಪ್ಪದ, ಹಸಿದಿದ್ದರೂ ಮತ ಮಾರದ, ಎರಡೂ ಕಡೆಯ ಬೈಗುಳ ಕೇಳಿ ಒಪ್ಪಿಕೊಂಡ ಕೆಲಸ ಮುಗಿಸಿದ ದೇಶದ ದಾಖಲೆ. ಅದನ್ನು ಆ ಕಾಲದ ಮಾನದಂಡದಲ್ಲೇ ಅಳೆಯಬೇಕು.

ನರಸಿಂಗ ರಾವ್ 1952ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾಗಿ, ಮರುವರ್ಷ ನವೆಂಬರ್ 30ರಂದು ಜ್ಯೂರಿಕ್‌ನಲ್ಲಿ ತೀರಿಕೊಂಡರು. ಆಗ ತಿಮ್ಮಯ್ಯ ಕೊರಿಯಾದಲ್ಲಿ ಕೈದಿಗಳ ನಡುವೆ ಇದ್ದರು. ರಾವ್ ಅವರ ತಮ್ಮ ಬಿ. ಶಿವರಾವ್, ಪತ್ರಕರ್ತರು, ವಿಶ್ವಸಂಸ್ಥೆಗೆ ಹೋದ ಭಾರತೀಯ ನಿಯೋಗಗಳ ಸದಸ್ಯರು, ಮೊದಲ ಲೋಕಸಭೆಯಲ್ಲಿ ದಕ್ಷಿಣ ಕನ್ನಡ ದಕ್ಷಿಣ ಕ್ಷೇತ್ರದ ಪ್ರತಿನಿಧಿಯಾಗಿದ್ದರು. ತಿಮ್ಮಯ್ಯ 1965ರ ಡಿಸೆಂಬರಿನಲ್ಲಿ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ಮುಖ್ಯಸ್ಥರಾಗಿದ್ದಾಗಲೇ ತೀರಿಕೊಂಡರು. ಮಡಿಕೇರಿಯ ಅವರ ಮನೆ ಸನ್ನಿಸೈಡ್ ಈಗ ವಸ್ತುಸಂಗ್ರಹಾಲಯ. ಪುತ್ತೂರು, ಸುಳ್ಯ, ಕಡಬದ ಕಾಲೇಜುಗಳ ಇತಿಹಾಸ ಮತ್ತು ರಾಜ್ಯಶಾಸ್ತ್ರದ ಅಧ್ಯಾಪಕರಲ್ಲಿ ನನ್ನದೊಂದು ಕೋರಿಕೆ. 1950ರ ಭದ್ರತಾ ಮಂಡಳಿಯ, ಮಹಾಸಭೆಯ ನಡವಳಿಗಳು ಅಚ್ಚಾಗಿವೆ, ಯಾರು ಬೇಕಾದರೂ ಓದಬಹುದು. ಶೀತಲ ಸಮರದ ಪಾಠವನ್ನು ಮುಂದಿನ ಬಾರಿ ಬರ್ಲಿನ್ ಗೋಡೆಯ ಚಿತ್ರದಿಂದ ಆರಂಭಿಸುವ ಬದಲು ಅಕ್ಟೋಬರಿನ ಆ ಮೊದಲ ವಾರದ ಚರ್ಚೆಯಿಂದ, ರಾವ್ ಅವರ ಭಾಷಣದಿಂದ ಆರಂಭಿಸಿ. ಆ ಭಾಷಣಗಳನ್ನೂ ತಿಮ್ಮಯ್ಯನವರ ಆಯೋಗದ ವರದಿಯನ್ನೂ ವಿದ್ಯಾರ್ಥಿಗಳ ಕೈಯಲ್ಲೇ ಕನ್ನಡಕ್ಕೆ ತರಿಸಿ, ಪುಸ್ತಕ ಮಾಡಿಸಿ. ಮುಂದಿನ ಯಾವುದಾದರೂ ವರ್ಷ ಆ ಪುಸ್ತಕದ ಬಗ್ಗೆ ಮಾತಾಡುವಂತಾಗಲಿ.